ಅಂಕ ಮೊದಲು, ಹೆಸರು ಆಮೇಲೆ

ಅಂಕ ಕೇಳುವಾಗ ನಮ್ಮ ಅತ್ತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಎಡಗೈಯ ಹೆಬ್ಬೆರಳೊಂದೇ ಎಚ್ಚರವಾಗಿದ್ದು, ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಹತ್ತಿ ಇಳಿಯುತ್ತಿತ್ತು. ಹುಬ್ಬು ಒಮ್ಮೆ ಗಂಟಾಗುವುದು, ಒಮ್ಮೆ ಸಡಿಲವಾಗುವುದು, ತುಟಿ ಸಣ್ಣಗೆ ಅಲುಗುವುದು. ಮನೆಗೆ ಹೊಸದಾಗಿ ಬಂದವರು ಅಮ್ಮನವರು ಜಪಕ್ಕೆ ಕೂತಿದ್ದಾರೆಂದು ದನಿ ತಗ್ಗಿಸಿ ಮಾತಾಡುತ್ತಿದ್ದರು. ಅವರು ಆ ಹೊತ್ತಿನಲ್ಲಿ ಮೆಲ್ಬರ್ನಿನಲ್ಲೋ ಮ್ಯಾಡ್ರಿಡ್ಡಿನಲ್ಲೋ ಟೆನಿಸ್ ಅಂಕಣದ ಪಕ್ಕ ಕೂತಿದ್ದಾರೆ ಎಂಬುದು ನನಗೆ ಗೊತ್ತಿತ್ತು, ಯಾಕೆಂದರೆ ಅವರನ್ನು ಅಲ್ಲಿಗೆ ಕಳಿಸಿದವಳು ನಾನೇ.

ನಾನು ಧಾರವಾಡದಿಂದ ತಾಂಬರಂಗೆ ಸೊಸೆಯಾಗಿ ಬಂದಾಗ ನನಗೆ ತಮಿಳೂ ಗೊತ್ತಿರಲಿಲ್ಲ, ಟೆನಿಸ್ಸೂ ಗೊತ್ತಿರಲಿಲ್ಲ. ಮೂರು ತಲೆಮಾರು ಮದರಾಸಿನಲ್ಲಿ ಕಳೆದ ವೈಷ್ಣವರ ಮನೆ. ಅವರ ಮಾತು ಮೈಸೂರಿನ ಕಡೆ ಶುರುವಾಗಿ ತಮಿಳಿನಲ್ಲಿ ಮುಗಿಯುತ್ತಿತ್ತು. ನಾನು ಬಾಯಿ ತೆರೆದರೆ ಸಾಕು, ನಾದಿನಿಯರು ಒಬ್ಬರ ಮುಖ ಒಬ್ಬರು ನೋಡಿ ಸೆರಗು ಬಾಯಿಗೆ ಹಿಡಿಯುತ್ತಿದ್ದರು. ನನಗೂ ಮೂಗಿನ ತುದಿಯಲ್ಲೇ ಸಿಟ್ಟು. ಮಾತೇ ಬೇಡ ಎಂದು ತುಟಿ ಹೊಲಿದುಕೊಂಡು ಓಡಾಡುತ್ತಿದ್ದೆ. ಹಾಗಿರುವಾಗ ಒಂದು ಸಂಜೆ ಅತ್ತೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದ ಮೊದಲ ಪ್ರಶ್ನೆ ಇದು.

“ನಿಮ್ಮೂರ ಮಣ್ಣು ಕೆಂಪಾ ಮಾ?”

“ಹೌದ್ರೀ ಅತ್ತಿ, ಒಂದ್ ಕಡೆ ಕೆಂಪ, ಇನ್ನೊಂದ್ ಕಡೆ ಕರೀದು.”

“ಕೆಂಪು ಮಣ್ಣಲ್ಲಿ ಓಡಿದ್ರೆ ಕಾಲುಚೀಲಕ್ಕೆ ಹತ್ಕೊಳ್ಳತ್ತಾ? ಒಗೆದ್ರೆ ಹೋಗತ್ತಾ?”

“ಎಲ್ಲೀದ್ರೀ. ಶಾಲಿಗೆ ಹೋಗೂ ಮುಂದ ಹಾಕ್ಕೊಂಡ ಬಿಳೀ ಕಾಲುಚೀಲ ಇವತ್ತಿಗೂ ಕೆಂಪನ ಅದಾವ.”

ಅತ್ತೆಗೆ ಪರಮಾನಂದವಾಯಿತು. ಪ್ಯಾರಿಸ್ಸಿನಲ್ಲಿ ಕೆಂಪು ಮಣ್ಣಿನ ಮೇಲೆ ಆಡುತ್ತಾರಂತೆ, ಅದು ಹೇಗಿರುತ್ತದೆಂದು ಇಷ್ಟು ವರ್ಷ ಹೇಳುವವರಿರಲಿಲ್ಲವಂತೆ. ಅಂದಿನಿಂದ ಅವರ ಮನಸ್ಸಿನೊಳಗೆ ಪ್ಯಾರಿಸ್ಸಿನ ಟೂರ್ನಿ ಧಾರವಾಡದಲ್ಲೇ ನಡೆಯಿತು. ಆಟ ನಡೆಯುವ ಎಲ್ಲ ಊರುಗಳಿಗೂ ಅವರು ಏನಾದರೊಂದು ಹೀಗೆ ಕೊಟ್ಟಿದ್ದರು. ಮಧ್ಯಾಹ್ನ ಕಳೆದ ಮೇಲೆ ಬೀಸುವ ನಮ್ಮ ಕಡಲಗಾಳಿಯನ್ನಂತೂ ಎಲ್ಲ ಊರಿಗೂ ಹಂಚಿಬಿಟ್ಟಿದ್ದರು. ಮ್ಯಾಡ್ರಿಡ್ಡಿಗೆ ಸಮುದ್ರವಿಲ್ಲ ಎಂದು ನಾನೊಮ್ಮೆ ಹೇಳಿದ್ದಕ್ಕೆ, “ಇಲ್ದೇ ಇದ್ರೆ ಆ ಬಿಸಿಲಲ್ಲಿ ಮಕ್ಳು ಹೇಗೆ ಆಡ್ತಾರೆ, ಸುಮ್ನಿರು,” ಎಂದು ನನ್ನ ಬಾಯಿ ಮುಚ್ಚಿಸಿದರು.

ಅವರು ಟಿವಿಯಲ್ಲಿ ಆಟ ನೋಡುತ್ತಿರಲಿಲ್ಲ. “ಟಿವೀಲಿ ಎಲ್ಲಾ ಅವರೇ ತೋರಿಸಿಬಿಡ್ತಾರೆ, ನಂಗೇನು ಕೆಲಸ ಉಳಿಯತ್ತೆ?” ಎನ್ನುವರು. ಈ ಹುಚ್ಚು ಹತ್ತಿದ್ದು ಅವರು ಹೊಸ ಸೊಸೆಯಾಗಿದ್ದಾಗ. ನಾನು ಬರುವ ಮೊದಲೇ ತೀರಿಕೊಂಡ ಮಾವ ಮಣಲಿಯ ಕಾರ್ಖಾನೆಗೆ ಹೋಗುವಾಗ ಪೇಪರನ್ನೂ ಒಯ್ಯುತ್ತಿದ್ದರಂತೆ. ಸಂಜೆ ಅದು ಮನೆಗೆ ಬರುವಷ್ಟರಲ್ಲಿ ಕಡೆಯ ಹಾಳೆ ಊಟದ ಡಬ್ಬಿಗೆ ಸುತ್ತಿ ಎಣ್ಣೆ ಕುಡಿದಿರುತ್ತಿತ್ತು. ಒಂದು ದಿನ ಆ ಹಾಳೆಯ ಮೂಲೆಯಲ್ಲಿ ಸಣ್ಣ ಅಕ್ಷರದ ಟೆನಿಸ್ ಫಲಿತಾಂಶ ಕಂಡಿತು. ಹೆಸರುಗಳ ಕಡೆ ಹರಿದುಹೋಗಿ ಅಂಕ ಮಾತ್ರ ಉಳಿದಿತ್ತು. ಆರು ನಾಲ್ಕು, ಎರಡು ಆರು, ಏಳು ಐದು. ಯಾರೋ ಇಬ್ಬರು ಗೊತ್ತಿಲ್ಲದ ಊರಲ್ಲಿ ಇಷ್ಟು ಹೊತ್ತು ಏನು ಮಾಡಿರಬಹುದು ಎಂದು ಯೋಚಿಸುತ್ತಾ ಅವತ್ತು ಹುಳಿ ತಳ ಹಿಡಿಸಿದರಂತೆ.

ಅಲ್ಲಿಂದ ಬಂದದ್ದು ಅವರ ಕಟ್ಟಳೆ. ಟೆನಿಸ್ಸಿನಲ್ಲಿ ಗೆದ್ದವರ ಹೆಸರು ಮೊದಲು ಬರುತ್ತದೆ, ಅಂಕವನ್ನೂ ಗೆದ್ದವರ ಕಡೆಯಿಂದಲೇ ಬರೆಯುತ್ತಾರೆ. ಹೆಸರು ಕೇಳಿದರೆ ಆಟ ಅಲ್ಲಿಗೇ ಮುಗಿಯಿತು. ಆದ್ದರಿಂದ ಅಂಕವನ್ನಷ್ಟೇ ಓದಬೇಕು, ಅವರು ಕಣ್ಣು ಮುಚ್ಚಿ ಆಟವನ್ನು ಪೂರ್ತಿ ಆಡಿಸಬೇಕು, ಹಿಂದಿನ ದಿನವೇ ತಿಳಿದಿರುವ ಇಬ್ಬರಲ್ಲಿ ಯಾರು ಗೆದ್ದರೆಂದು ಊಹಿಸಬೇಕು, ಕೊನೆಗೆ ಹೆಸರು. ಮೊದಲು ನಮ್ಮವರು ಓದುತ್ತಿದ್ದರಂತೆ. ಆದರೆ ಅವರ ಮನಸ್ಸಿನಲ್ಲಿರುವುದು ದನಿಯಲ್ಲೇ ಹೊರಬೀಳುತ್ತದೆ, ಮರೆಮಾಚಲು ಬರುವುದಿಲ್ಲ. ನನಗೋ ಟೆನಿಸ್ಸಿನ ತಲೆ ಬುಡ ತಿಳಿಯದು. ರೈಲಿನ ವೇಳಾಪಟ್ಟಿ ಓದಿದ ಹಾಗೆ ಓದುತ್ತಿದ್ದೆ. ಅತ್ತೆಗೆ ಅದೇ ಬೇಕಿತ್ತು. ಗಿಂಡಿಯ ಆಫೀಸಿನಿಂದ ಎಲೆಕ್ಟ್ರಿಕ್ ರೈಲು ಹಿಡಿದು ಬಂದು, ಕೈಕಾಲು ತೊಳೆದು, ಕಾಫಿ ಹಿಡಿದು ಕೂತು ಫೋನಿನಲ್ಲಿ ನೋಡಿ ಓದುವುದು ನನ್ನ ಪಾಲಿನ ಕೆಲಸವಾಯಿತು. ಈ ಊರಿನಲ್ಲಿ ನನ್ನ ಮಾತಿಗಾಗಿ ಕಾದು ಕೂತವರು ಅವರೊಬ್ಬರೇ ಎಂದು ಗೊತ್ತಾಗಲು ನನಗೆ ಸ್ವಲ್ಪ ಕಾಲ ಹಿಡಿಯಿತು.

ಅವರ ಊಹೆ ಅರ್ಧಕ್ಕರ್ಧ ತಪ್ಪುತ್ತಿತ್ತು. ತಪ್ಪಿದರೇ ಖುಷಿ ಹೆಚ್ಚು. ಮತ್ತೆ ಕಣ್ಣು ಮುಚ್ಚಿ, ಅದೇ ಅಂಕಕ್ಕೆ ಇನ್ನೊಂದು ಆಟ ಆಡಿಸುತ್ತಿದ್ದರು.

ದೊಡ್ಡ ದೊಡ್ಡ ಹೆಸರುಗಳು ಅವರಿಗೆ ಬೇಕಿರಲಿಲ್ಲ. ಯಾವುದೋ ಸಣ್ಣ ದೇಶದ ಒಬ್ಬ ಆಟಗಾರ್ತಿಯನ್ನು ಹಿಡಿದುಕೊಂಡಿದ್ದರು. ಆಕೆ ಸಣ್ಣಪುಟ್ಟ ಊರುಗಳಲ್ಲಿ ಆಡುವಳು, ಎರಡನೇ ಸುತ್ತಿನಲ್ಲಿ ಸೋಲುವಳು, ಮುಂದಿನ ವಾರ ಇನ್ನೊಂದು ಊರಿನಲ್ಲಿ ಹಾಜರಿರುವಳು. ಒಂದು ಕಪ್ಪನ್ನೂ ಗೆದ್ದಿರಲಿಲ್ಲ. ಅತ್ತೆ ಅವಳ ಹೆಸರು ಹೇಳಲು ಬಾರದೆ ‘ನಮ್ಮ ಹುಡುಗಿ’ ಎನ್ನುತ್ತಿದ್ದರು. ಮಂಡಿಗೆ ಆಪರೇಷನ್ ಆಗಿ ಅವಳು ವರ್ಷವಿಡೀ ಆಡದಿದ್ದಾಗ ಅತ್ತೆ ತಮ್ಮ ಮಂಡಿಗೆ ಹಚ್ಚುವ ಎಣ್ಣೆಯ ಬಾಟಲಿ ನೋಡಿ, “ಅವಳಿಗೆ ಇದೆಲ್ಲಾ ಯಾರು ಹಚ್ತಾರೋ,” ಎಂದು ಪೇಚಾಡಿದ್ದರು.

ಆ ಹುಡುಗಿ ಒಮ್ಮೆ ಚೆನ್ನೈಗೇ ಆಡಲು ಬಂದಳು. ಕಣ್ಣಾರೆ ನೋಡಲೇಬೇಕೆಂದು ನಾನು ಹಟ ಹಿಡಿದು ಅತ್ತೆಯನ್ನು ರೈಲು ಹತ್ತಿಸಿ ನುಂಗಂಬಾಕ್ಕಂನಲ್ಲಿ ಇಳಿಸಿದೆ. ಅವರು ರೇಷ್ಮೆ ಸೀರೆ ಉಟ್ಟಿದ್ದರು, ಹುಡುಗಿ ನೋಡಲು ಹೊರಟವರ ಹಾಗೆ. ಅಂಕಣಕ್ಕೆ ನಮ್ಮ ಹುಡುಗಿ ಬಂದಳು, ಚೆಂಡು ಮೇಲಕ್ಕೆಸೆದಳು, ಹೊಡೆದಳು. ಅತ್ತೆ ನನ್ನ ಮೊಣಕೈ ಹಿಡಿದರು.

“ಬಲಗೈ ಮಾ.”

“ಹೂಂ ರೀ, ಅದಕ್ಕೇನಾತು?”

“ಇಷ್ಟು ವರ್ಷ ನಾನು ಅವಳನ್ನ ಎಡಗೈಲಿ ಆಡಿಸ್ಬಿಟ್ಟೆ. ಪಾವಂ.” ಪಾಪ ಎನ್ನುವಾಗ ಅವರ ಬಾಯಿಗೆ ತಮಿಳೇ ಬರುವುದು.

ಅಂಕದಲ್ಲಿ ಕೈ ಎಲ್ಲಿರುತ್ತದೆ? ಅತ್ತೆ ತಾವೇ ಹುಟ್ಟಾ ಎಡಚಿ. ಚಿಕ್ಕಂದಿನಲ್ಲಿ ಎಡಗೈಯಲ್ಲಿ ಬಡಿಸಿದರೆ ಅವರಮ್ಮ ಸೌಟಿನಲ್ಲೇ ಮಣಿಗಂಟಿಗೆ ಕೊಡುತ್ತಿದ್ದರಂತೆ. ಹಾಗಾಗಿ ಊಟ, ಬಡಿಸುವುದು, ಬರೆಯುವುದು, ರಂಗೋಲಿ ಎಲ್ಲ ಬಲಗೈಗೆ ಹೋಯಿತು. ಉಳಿದ ಎಡಗೈಯನ್ನು ಅವರು ಆ ಹುಡುಗಿಗೆ ಕೊಟ್ಟಿದ್ದರು. ಅವತ್ತು ಹುಡುಗಿ ಸೋತಳು, ಅತ್ತೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಾಪಸು ಬರುವಾಗ ಗಿಂಡಿ ದಾಟುವವರೆಗೂ ಅವರ ಹೆಬ್ಬೆರಳು ಗೆಣ್ಣುಗಳ ಮೇಲೆ ಓಡಾಡುತ್ತಿತ್ತು. ಆಮೇಲೆ, “ಬಲಗೈಲೂ ಪರವಾಗಿಲ್ಲ, ಚೆನ್ನಾಗೇ ಆಡ್ತಾಳೆ. ಆದ್ರೂ ನಮ್ಮನೇಲಿ ಎಡಗೈಲೇ ಆಡ್ಲಿ, ಅಭ್ಯಾಸ ಆಗಿದೆ,” ಎಂದರು. ಎದುರು ಸೀಟಿನ ಹೆಂಗಸು ನಮ್ಮಿಬ್ಬರನ್ನೂ ಮಿಕಿಮಿಕಿ ನೋಡಿದಳು.

ಹೋದ ವರ್ಷ ಅತ್ತೆಗೆ ಅನ್ನ ಸೇರದಾಯಿತು. ಪರೀಕ್ಷೆಗಳಾದವು. ಡಾಕ್ಟರು ನಮ್ಮಿಬ್ಬರನ್ನು ಒಳಗೆ ಕರೆದು ಹೇಳಿದ ಮಾತು ಕೇಳಿ ನಮ್ಮವರು ಗೋಡೆಗೆ ಒರಗಿಬಿಟ್ಟರು. ಹೊರಗೆ ಬರುವಷ್ಟರಲ್ಲಿ ಮುಖ ಒರೆಸಿಕೊಂಡು, “ಅಮ್ಮಂಗೆ ಹೇಳೋದು ಬೇಡ. ಅಲ್ಸರ್ ಅಂದ್ಬಿಡೋಣ. ತಿಳಿದ್ರೆ ಒಡೆದು ಹೋಗ್ತಾಳೆ,” ಎಂದರು. ನಾದಿನಿಯರೂ ಅದನ್ನೇ ಹೇಳಿದರು. ನಮ್ಮ ಮನೆಗಳಲ್ಲಿ ಇದು ಹೊಸದಲ್ಲ, ಪ್ರೀತಿಯಿಂದಲೇ ಎಲ್ಲರೂ ಸೇರಿ ಬಾಯಿ ಕಟ್ಟಿಕೊಳ್ಳುತ್ತೇವೆ. ಬಂದವರೆಲ್ಲ ಅತ್ತೆಯ ಕೈ ಹಿಡಿದು, ಮುಖದಲ್ಲಿ ಕಳೆ ಬಂದಿದೆ, ಹದಿನೈದು ದಿನದಲ್ಲಿ ಎದ್ದು ಓಡಾಡುತ್ತೀರಿ ಎನ್ನುತ್ತಿದ್ದರು. ಅತ್ತೆ ನಗುತ್ತಿದ್ದರು. ನನಗೆ ಮಾತ್ರ ಅವರ ಕಣ್ಣಿಗೆ ಕಣ್ಣು ಕೊಡಲು ಆಗುತ್ತಿರಲಿಲ್ಲ. ಫೋನು ನೋಡಿ ಅಂಕ ಓದುವ ಹೊತ್ತೊಂದೇ ನನಗೆ ನಿರಾಳ.

ಅದೇ ದಿನಗಳಲ್ಲಿ ನಮ್ಮ ಹುಡುಗಿ ಜಪಾನಿನ ಒಂದು ಊರಿನಲ್ಲಿ ಗೆಲ್ಲುತ್ತಾ ಹೋದಳು. ಮೊದಲ ಸುತ್ತು, ಎರಡನೆಯದು, ಕ್ವಾರ್ಟರ್, ಸೆಮಿ. ಅತ್ತೆ ದಿಂಬಿಗೆ ಒರಗಿ ಪ್ರತಿಯೊಂದನ್ನೂ ಆಡಿಸಿದರು. ಫೈನಲ್ಲಿನ ಹಿಂದಿನ ದಿನ, “ಒಂದೇ ಒಂದು ಕಪ್ಪು ಎತ್ತಲಿ, ನಾನು ಕಣ್ಣು ತುಂಬ ನೋಡ್ಕೋತೀನಿ,” ಎಂದರು. ನಾನು ಆ ರಾತ್ರಿ ದೇವರಿಗೆ ದೀಪ ಹಚ್ಚಿ ಬೇಡಿದ್ದು ಜಪಾನಿನ ಟೆನಿಸ್ ಗೆಲುವನ್ನು. ನಗಬೇಡಿ.

ಮರುದಿನ ಮಧ್ಯಾಹ್ನ ಫಲಿತಾಂಶ ಬಂತು. ನಮ್ಮವರು ಔಷಧಿ ತರಲು ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ. ನಾನು ಓದಿದೆ. ಆರು ನಾಲ್ಕು, ನಾಲ್ಕು ಆರು, ಏಳು ಐದು.

ಅತ್ತೆ ಬಹಳ ಹೊತ್ತು ತೆಗೆದುಕೊಂಡರು. ಬೆರಳು ನಿಧಾನವಾಗಿತ್ತು, ಮಧ್ಯೆ ಮಧ್ಯೆ ನಿಂತು ದಣಿವಾರಿಸಿಕೊಳ್ಳುತ್ತಿತ್ತು. ಕಿಟಕಿಯ ಪರದೆ ಗಾಳಿಗೆ ಉಬ್ಬಿ ಮಂಚದವರೆಗೂ ಬಂದು ಹೋಗುತ್ತಿತ್ತು. “ಮೂರನೇ ಸೆಟ್ಟಲ್ಲಿ ಇಬ್ಬರಿಗೂ ಕಾಲು ನಡುಗಿರತ್ತೆ,” ಎಂದರು. ಊಹೆ ಹೇಳಲಿಲ್ಲ. “ಹೆಸರು ಓದು ಮಾ.”

ಸೋತವಳು ನಮ್ಮ ಹುಡುಗಿ. ನಾನು ಒಂದು ಅಂಕಿಯನ್ನೂ ತಿದ್ದಬೇಕಿರಲಿಲ್ಲ. ಒಂದು ಹೆಸರಿನ ಜಾಗದಲ್ಲಿ ಇನ್ನೊಂದು ಹೇಳಿದ್ದರೆ ಆಗಿತ್ತು. ಮನೆಮಂದಿಯೆಲ್ಲ ತಿಂಗಳಿಂದ ಹೇಳುತ್ತಿರುವ ಸುಳ್ಳಿನ ಮುಂದೆ ಇದು ಯಾವ ಲೆಕ್ಕ? ನಾಲಿಗೆಯ ತುದಿಯವರೆಗೂ ಬಂದಿತ್ತು.

“ಸೋತಾಳ್ರೀ ಅತ್ತಿ,” ಅಂದೆ. “ನಮ್ಮ ಹುಡುಗಿ ಸೋತಾಳ.”

ಅತ್ತೆ ಕಣ್ಣು ತೆರೆದು ನನ್ನನ್ನು ನೋಡಿದರು. ಆ ಮುಖದಲ್ಲಿ ನಾನು ಕಂಡದ್ದು ನೆಮ್ಮದಿಯನ್ನು.

“ನೀನೂ ಗೆದ್ಲು ಅಂದ್ಬಿಡ್ತೀಯೇನೋ ಅಂತ ಭಯ ಇತ್ತು ನಂಗೆ,” ಎಂದರು. “ಎಲ್ಲಾರೂ ಬಂದು ನೀ ಗೆದ್ದೆ ಗೆದ್ದೆ ಅಂತಿದಾರೆ. ಈಗ ನಂದು ಓದು.”

ಮತ್ತೆ ಕಣ್ಣು ಮುಚ್ಚಿಕೊಂಡರು.

ನಾನು ಹೇಳಿದೆ. ಡಾಕ್ಟರು ಹೇಳಿದ್ದನ್ನೆಲ್ಲ, ಎಲ್ಲೆಲ್ಲಿ ಹಬ್ಬಿದೆ, ಔಷಧಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ, ನಯ ಮಾಡಲು ಬಾರದ ನನ್ನ ಧಾರವಾಡದ ಮಾತಿನಲ್ಲಿ, ದನಿ ಏರದೆ ಇಳಿಯದೆ. ಅಷ್ಟು ಹೊತ್ತೂ ನನ್ನ ಕಣ್ಣಿಂದ ನೀರು ಸುರಿಯುತ್ತಲೇ ಇತ್ತು.

“ದೀಪಾವಳಿ?” ಎಂದು ಕೇಳಿದರು.

“ಆಗೂದಿಲ್ಲ ಅಂದಾರ್ರೀ.”

“ನೋವು?”

“ಅದಕ್ಕ ಔಷಧ ಅದ. ನಾ ಇರ್ತೇನಿ.”

ಅತ್ತೆ ತಲೆಯಾಡಿಸಿದರು. ನನ್ನ ಕೈ ಹುಡುಕಿ ಹಿಡಿದುಕೊಂಡು, “ನಂಗೆ ಗೊತ್ತು ಅಂತ ಅವನಿಗೆ ಹೇಳ್ಬೇಡ ಮಾ. ಪಾವಂ, ಎಷ್ಟು ಕಷ್ಟಪಟ್ಟು ನಟಿಸ್ತಿದಾನೆ,” ಎಂದರು.

ಆಮೇಲಿನ ದಿನಗಳಲ್ಲಿ ಮಗ ಬಂದು, ಇವತ್ತು ಪರವಾಗಿಲ್ಲ ಅಲ್ವಾ ಅಮ್ಮ ಎಂದಾಗಲೆಲ್ಲ, ಹೌದು ಕಣೋ, ನಿನ್ನೆಗಿಂತ ವಾಸಿ ಎನ್ನುತ್ತಿದ್ದರು. ಮಗ ಆಚೆ ಹೋದ ಮೇಲೆ ನನ್ನೊಡನೆ ತಮ್ಮ ನಿಜವಾದ ಮಾತುಗಳನ್ನು ಆಡುತ್ತಿದ್ದರು. ಯಾವ ಸೀರೆ ಉಡಿಸಬೇಕು, ಯಾರಿಗೆ ಮೊದಲು ಫೋನ್ ಮಾಡಬೇಕು, ನಾದಿನಿಯರು ಅತ್ತರೆ ಹೇಗೆ ಸಮಾಧಾನ ಮಾಡಬೇಕು. ನಡುನಡುವೆ ಅಂಕ ಕೇಳುತ್ತಾ, ಹೆಸರಿಗೆ ಕಾಯದೆ ನಿದ್ದೆ ಹೋಗುತ್ತಿದ್ದರು. ನವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಆ ನಿದ್ದೆಯಿಂದ ಏಳಲಿಲ್ಲ.

ಅಮ್ಮನಿಗೆ ಕೊನೆಯವರೆಗೂ ಏನೂ ಗೊತ್ತಾಗಲಿಲ್ಲ, ಅದೊಂದೇ ಸಮಾಧಾನ ಎಂದು ನಮ್ಮವರು ಇಂದಿಗೂ ಬಂದವರ ಹತ್ತಿರ ಹೇಳುತ್ತಾರೆ. ನಾನು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತೇನೆ. ಎಲ್ಲರೂ ನಕ್ಕ ನನ್ನ ಮಾತನ್ನು ನಂಬಿ ತಮ್ಮ ಸಾವನ್ನು ಅದರ ಕೈಗಿಟ್ಟ ಅತ್ತೆಯ ಋಣ ನನ್ನ ಮೇಲಿದೆ, ಅದನ್ನು ಯಾರಿಗೂ ಹೇಳದೆ ಇರುವುದೂ ನನಗೆ ಆಗದು. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಇಲ್ಲಿನ ಶಾಲೆಯಲ್ಲಿ ಕಲಿತ ನಮ್ಮವರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ.