ಸೋಮವಾರದ ಐನೂರು ರೂಪಾಯಿ

ಬಸವಕಲ್ಯಾಣದಲ್ಲಿ ನನ್ನ ಔಷಧಿ ಅಂಗಡಿಯ ಪಕ್ಕದಲ್ಲೇ ಒಬ್ಬರ ಬಟ್ಟೆ ಅಂಗಡಿ. ಒಮ್ಮೆ ದಿವಾಳಿಯಾದವರು. ಮತ್ತೆ ಬಾಗಿಲು ತೆರೆದಾಗ ಯಾರೂ ಅವರಿಗೆ ಉದ್ರಿ ಮಾಲು ಕೊಡಲಿಲ್ಲ. ಅದರ ಫಲವನ್ನು ನಾನು ಅನುಭವಿಸಿದೆ.

ಪ್ರತಿ ಸೋಮವಾರ ಬಂದು ಐನೂರು ರೂಪಾಯಿ ಕೇಳುವರು. “ಶುಕ್ರವಾರ ಕೊಡ್ತೀನ್ರಿ” ಎಂದವರು ಗುರುವಾರವೇ ಹಾಜರು, ಅದೂ ಗಿರಾಕಿಗಳು ತುಂಬಿದ ಹೊತ್ತಿಗೆ. ನೋಟನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, “ಎಣಿಸಿ ತಗೋರಿ” ಎನ್ನುವರು. ಒಂದೇ ನೋಟನ್ನು ಏನೆಂದು ಎಣಿಸುವುದು?

ಒಮ್ಮೆ ನಾನು ಕೊಟ್ಟಿದ್ದ ಟಿಂಚರ್ ಕಲೆಯ ನೋಟೇ ಮರಳಿ ಬಂತು. ನನಗೆ ರೇಗಿತು. “ಖರ್ಚೇ ಮಾಡಂಗಿಲ್ಲ ಅಂದ್ರ ಯಾಕ ಒಯ್ತೀರಿ?”

“ವಾಪಸ್ ಕೊಡಾಕ್ರಿ” ಎಂದರು, ನಾನೇ ದಡ್ಡನೆಂಬಂತೆ.

ಮೊನ್ನೆ ಗುರುವಾರ ಅವರು ಹಾಗೆಯೇ ನೋಟು ಎತ್ತಿ ನಿಂತಿದ್ದಾಗ ಹುಮನಾಬಾದಿನ ಸಗಟು ಬಟ್ಟೆ ವ್ಯಾಪಾರಿಯ ಫೋನ್ ಬಂತು.

“ನಿಮ್ಮ ಬಾಜೂ ಅಂಗಡಿಯವರು ಉದ್ರಿ ಮಾಲು ಕೇಳಾಕತ್ತಾರ. ಹೇಳಿದ ದಿನಕ್ಕ ರೊಕ್ಕ ಕೊಡ್ತಾರೇನ್ರಿ?”

ನನ್ನ ತಾಳ್ಮೆ ಆಗಲೇ ಕೆಟ್ಟಿತ್ತು. “ಹೇಳಿದ ದಿನಕ್ಕ ಎಲ್ಲಿ ಕೊಡ್ತಾರ್ರಿ? ಒಂದಿನ ಮೊದಲೇ ತಂದು ತಲಿ ತಿಂತಾರ.”

ಎದುರಿಗಿದ್ದವರು ನೋಟನ್ನು ಮೆಲ್ಲಗೆ ಗಲ್ಲಾಪೆಟ್ಟಿಗೆಯ ಮೇಲಿಟ್ಟರು. ಎಣಿಸಿ ತಗೋರಿ ಎನ್ನಲಿಲ್ಲ.