ಹಿಂದಿನಿಂದ ಹೊದಿಸಿದ ಶಾಲು

ಸನ್ಮಾನ ಮಾಡಿದ್ದಕ್ಕೆ ಯಾರಾದರೂ ಕೆಲಸ ಬಿಡುತ್ತಾರೆಯೇ? ಹೋದ ತಿಂಗಳು ನಮ್ಮಲ್ಲಿ ಒಬ್ಬರು ಬಿಟ್ಟೇಬಿಟ್ಟಿದ್ದರು. ಆ ಸನ್ಮಾನದ ಏರ್ಪಾಟು ನನ್ನದೇ.

ತಿಕೋಟಾ ಹತ್ತಿರದ ಒಂದು ಒಣದ್ರಾಕ್ಷಿ ಘಟಕದಲ್ಲಿ ನನ್ನ ನೌಕರಿ. ಕೆಲಸಗಾರರ ಹಾಜರಿ, ರಜೆ, ದೂರು ಎಲ್ಲ ನನ್ನ ಟೇಬಲ್ಲಿಗೇ ಬರುತ್ತವೆ. ನೀಲವ್ವ ಅಲ್ಲಿ ದ್ರಾಕ್ಷಿ ಆರಿಸುವವರು. (ಹೆಸರುಗಳನ್ನು ಬದಲಿಸಿದ್ದೇನೆ.) ಏಳು ತಿಂಗಳ ಹಿಂದೆ ರೇಣುಕಾ ಎಂಬ ಹುಡುಗಿಯ ಓಢಣಿ ಯಂತ್ರದ ಬೆಲ್ಟಿಗೆ ಸಿಕ್ಕಿ ಕುತ್ತಿಗೆಗೆ ಬಿಗಿಯಿತು. ಉಳಿದವರು ಚೀರುತ್ತಿದ್ದಾಗ ನೀಲವ್ವ ಓಡಿಹೋಗಿ ಸ್ವಿಚ್ ಆರಿಸಿದರು. ಬಟ್ಟೆ ಕತ್ತರಿಸುವವರೆಗೂ ಆ ಹುಡುಗಿಯ ಕುತ್ತಿಗೆಗೂ ಓಢಣಿಗೂ ನಡುವೆ ತಮ್ಮ ಬೆರಳು ತೂರಿಸಿ ಹಿಡಿದಿದ್ದರು. ರೇಣುಕಾ ಉಳಿದಳು. ಈಗ ಪ್ಯಾಕಿಂಗ್‌ನಲ್ಲಿದ್ದಾಳೆ.

ಮೂರನೆಯ ದಿನವೇ ನೀಲವ್ವ ಕೆಲಸಕ್ಕೆ ಬಂದರು. ಗಟ್ಟಿ ಹೆಂಗಸು ಎಂದರು ಎಲ್ಲರೂ. ನಾನೂ ಅಂದೆ.

ಸೀಜನ್ ಮುಗಿದಾಗ ಘಟಕದಲ್ಲೇ ಅವರಿಗೆ ಒಂದು ಸಣ್ಣ ಸನ್ಮಾನ ಕಾರ್ಯಕ್ರಮ. ಗಾಂಧಿ ಚೌಕದ ಅಂಗಡಿಯಿಂದ ಶಾಲು ತಂದವಳು ನಾನು. ಕಾರ್ಯಕ್ರಮದ ಪಟ್ಟಿಯಲ್ಲಿ 'ಘಟನೆಯ ಬಗ್ಗೆ ಎರಡು ಮಾತು: ನೀಲವ್ವ' ಎಂದು ಟೈಪ್ ಮಾಡಿದವಳೂ ನಾನು. ಮಾಲೀಕರು (ಎಲ್ಲರಿಗೂ ಅವರು ಸಾವಕಾರ್ರು) ವಾಡಿಕೆಯಂತೆ ಕುರ್ಚಿಯ ಹಿಂದೆ ಹೋಗಿ ನಿಂತು ಶಾಲು ಹೊದಿಸಿದರು.

ನೀಲವ್ವ ಅದನ್ನು ಕಿತ್ತು ಎಸೆದರು. ವೇದಿಕೆ ಇಳಿದರು. ಗೇಟು ದಾಟಿ ಹೋಗಿಯೇಬಿಟ್ಟರು.

"ಸಾವಕಾರ್ರ ಹಾಕಿದ ಶಾಲ ಒಗದ್ಲಲ್ಲ ಬೇ. ಎಷ್ಟ ಸೊಕ್ಕ ನೋಡ ಆಕಿಗಿ," ಎಂದಿತು ಹಿಂದಿನ ಸಾಲು. ಇನ್ನೊಂದು ದನಿ, "ಸೀರಿ ಕೊಟ್ಟಿದ್ರ ಉಟ್ಕೋತಿದ್ಲೇನೊ."

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಟಂಟಂ ಆಟೋ ಹಿಡಿದು ಅವರ ಊರು ಬಬಲೇಶ್ವರಕ್ಕೆ ಹೋದೆ. ನೀಲವ್ವ ಮನೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದರು.

"ಕೆಲಸ ಹೋತು ಅಂತ ಹೇಳಾಕ ಬಂದೀರೇನ್ರಿ ಅಕ್ಕೋರ?"

"ಇಲ್ಲ ನೀಲಕ್ಕ. ಅವತ್ತ ಏನಾತು ಅಂತ ತಿಳಿವಲ್ದು. ಹೇಳಬೇಕನಸಿದ್ರ ಹೇಳ್ರಿ."

ಅವರ ಕೈ ಮೊರದ ಮೇಲೆಯೇ ಆಡುತ್ತಿತ್ತು. "ಹಿಂದಿಂದ ಬಟ್ಟಿ ಬಂದು ಕೊಳ್ಳಾಗ ಬಿತ್ತರಿ. ಸಾವಕಾರ್ರು ನನಗ ಕಾಣಲೇ ಇಲ್ಲ. ಬೆಲ್ಟಿಗೆ ಸಿಕ್ಕಿದ್ದ ಆ ಹುಡುಗಿ ಮಾರಿ, ಆಕಿ ಕಣ್ಣ ಕಂಡ್ವು."

ಜೋಳದೊಳಗಿನ ಒಂದು ಹರಳು ಹೆಕ್ಕಿ ಎಸೆದು ಮುಂದುವರಿಸಿದರು. "ಬೆಲ್ಟಿಗೆ ಬೆನ್ನ ಮಾಡಿ ಕುಂದ್ರತೇನಿ. ಸಪ್ಪಳ ಬದಲಾದ್ರ ಸಾಕು, ತಿರುಗಿ ನೋಡತೇನಿ. ಕೆಲಸದ ಮ್ಯಾಲ ಧ್ಯಾನ ಇಲ್ಲ ಅಂತ ಸುಪರ್‌ವೈಜರ್ ಬೈತಾನ."

ಆ ದೂರು ನನಗೂ ಬಂದಿತ್ತು. 'ಗಮನ ಕಡಿಮೆ' ಎಂದು ಅವರ ಹೆಸರಿನ ಮುಂದೆ ಬರೆದು ಸಹಿ ಹಾಕಿದ್ದೆ. ಆಘಾತ ಕಂಡವರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬ ಪಾಠ ನಮಗೆ ವಿಶ್ವವಿದ್ಯಾಲಯದಲ್ಲೇ ಇತ್ತು. ಪರೀಕ್ಷೆಯಲ್ಲಿ ಅದಕ್ಕೆ ಒಳ್ಳೆಯ ಉತ್ತರವನ್ನೂ ಬರೆದಿದ್ದೆ. ಪಾಠದಲ್ಲಿ ಶಾಲಿನ ಮಾತು ಇರಲಿಲ್ಲ, ನಿಜ. ಆದರೆ ಇದು ನನಗೇ ಹೊಳೆಯಬೇಕಿತ್ತಲ್ಲ?

ಸಾವಕಾರ್ರಿಗೆ ಹೇಳುವುದು ಹೇಗೆ? ನಮ್ಮ ಕಡೆ ಹಿರಿಯರು ಹೊದಿಸಿದ ಶಾಲನ್ನು ಎಸೆಯುವುದು ಸಣ್ಣ ಮಾತಲ್ಲ. ವಾಪಸು ಬರುವ ದಾರಿಯುದ್ದಕ್ಕೂ ವಾದಗಳನ್ನು ಜೋಡಿಸಿಕೊಂಡೆ. ನೀಲವ್ವ ಹೇಳಿದ್ದನ್ನು ಸಾವಕಾರ್ರು ಪೂರ್ತಿ ಕೇಳಿಸಿಕೊಂಡರು.

"ಹಿಂಗ ಸನ್ಮಾನ ಮಾಡತೀವಿ, ನಡೀತದೇನು ಅಂತ ಆಕಿಗಿ ಮೊದಲ ಕೇಳಿದ್ದೇನವಾ?"

"ಇಲ್ರಿ."

"ನಾನೂ ಕೇಳಲಿಲ್ಲ." ಕನ್ನಡಕ ತೆಗೆದು ಒರೆಸಿದರು. "ಆಕಿಗಿ ಏನ ಬೇಕು ಅಂತ ಈಗರೆ ಕೇಳು."

ನನ್ನ ಒಂದು ವಾದವೂ ಖರ್ಚಾಗಲಿಲ್ಲ. ಹೊರಗೆ ಬಂದು ಒಂದು ಲೋಟ ನೀರು ಕುಡಿದೆ. ಮನಸ್ಸು ಅಷ್ಟು ಹಗುರಾಗಿ ಎಷ್ಟೋ ದಿನವಾಗಿತ್ತು.

ನೀಲವ್ವ ಕೇಳಿದ್ದು ಎರಡೇ. ಯಂತ್ರ ಕಣ್ಣೆದುರಿಗೆ, ಸ್ವಿಚ್ ಕೈಯಳತೆಯಲ್ಲಿ ಇರುವಂಥ ಜಾಗ. ಇನ್ನೊಂದು, ಆ ದಿನದ ಕಥೆ ಹೇಳು ಎಂದು ಯಾರೂ ಕೇಳಬಾರದು. ಬೆಲ್ಟಿನ ಸುತ್ತ ತಂತಿ ಜಾಳಿಗೆ ಹಾಕಿಸಿದ್ದು ಸಾವಕಾರ್ರು. (ಅದು ಏಳು ತಿಂಗಳ ಹಿಂದೆಯೇ ಆಗಬೇಕಿತ್ತು. ಆಗಲೂ ನಾನು ಅಲ್ಲೇ ಇದ್ದೆ.) 'ಗಮನ ಕಡಿಮೆ' ಎಂಬುದನ್ನು ನಾನು ಹೊಡೆದುಹಾಕಿದೆ. ಹೊಡೆದುಹಾಕಿದ್ದನ್ನು ನೀಲವ್ವನಿಗೆ ತಿಳಿಸಿದೆ, ತಪ್ಪು ನನ್ನದೆಂದೂ ಹೇಳಿದೆ.

ಸೋಮವಾರ ನೀಲವ್ವ ಬಂದರು. ಗೇಟಿನಲ್ಲಿ ಸಾವಕಾರ್ರು ನಿಂತಿದ್ದರು. ನಾನು ಕಿಟಕಿಯಿಂದ ನೋಡುತ್ತಿದ್ದೆ.

"ಬಂದ್ಯಾ ಯವ್ವಾ? ನಾಷ್ಟಾ ಆತೇನು?"

"ಆತ್ರಿ ಸಾವಕಾರ್ರ."

ಅಷ್ಟೇ. ಅವರು ತಮ್ಮ ಕೋಣೆಗೆ ಹೋದರು, ಇವರು ಹೊಸ ಜಾಗಕ್ಕೆ.

ಇದನ್ನು ಪೇಪರಿನಲ್ಲಿ ಬರೆಯಲೇ ಎಂದು ಮೊನ್ನೆ ನೀಲವ್ವನನ್ನು ಕೇಳಿದೆ. ಆರಿಸುತ್ತಿದ್ದ ಕೈ ನಿಲ್ಲಿಸದೆ ಹೇಳಿದರು: "ಬರೀರಿ. ಆದ್ರ ನಾ ಅತ್ನಿ ಅಂತ ಬರೀಬ್ಯಾಡ್ರಿ. ನಾ ಅತ್ತಿಲ್ಲ."

ನೀವು ಕೊನೆಯ ಸಲ ಒಬ್ಬರನ್ನು ಮೆಚ್ಚಿಕೊಂಡಿರಲ್ಲ, ಅದು ಅವರಿಗೆ ಹೇಗೆ ಬೇಕೆಂದು ಕೇಳಿದ್ದಿರಾ?