ಗಜನಿ ಗದ್ದೆಗೆ ಅರ್ಧ ಪುಟ

ಸಂಶೋಧನೆಗೆ ಸೇರಿದ ಮೊದಲ ತಿಂಗಳಲ್ಲೇ ಮಾರ್ಗದರ್ಶಕರು ನನಗೆ ಗಂಟು ಹಾಕಿದ ವಿಷಯ ಅಘನಾಶಿನಿ ಹೊಳೆಯಂಚಿನ ಗಜನಿ ಗದ್ದೆಗಳು. ಭಟ್ಕಳದ ದೋಣಿಯವರ ಮನೆಯ ಹುಡುಗಿ ನಾನು. ಆ ಉಪ್ಪು ನೆಲದಲ್ಲೂ ಭತ್ತ ಬೆಳೆಯುತ್ತಾರೆ ಎಂಬುದಷ್ಟೇ ಗೊತ್ತಿತ್ತು. ಮೊದಲು ವಿಶ್ವಕೋಶ, ಗೆಜೆಟಿಯರ್ ನೋಡಿ, ಪುಸ್ತಕಗಳಲ್ಲಿ ಉತ್ತರ ಸಿಗದ ಒಂದೇ ಒಂದು ಪ್ರಶ್ನೆ ಸೋಮವಾರ ತನ್ನಿ ಎಂದರು ಮಾರ್ಗದರ್ಶಕರು. ಪ್ರಶ್ನೆ ಸರಿಯಿಲ್ಲದಿದ್ದರೆ ವಿಷಯ ಬೇರೆಯವರಿಗೆ ಹೋಗುತ್ತದೆ ಎಂದೂ ಹೇಳಿದರು.

ನನಗೋ ಕೂತಲ್ಲಿ ಕೂರಲಾಗದು. ಹೊನ್ನಾವರದ ಗ್ರಂಥಾಲಯದಲ್ಲಿ ವಿಶ್ವಕೋಶ ತೆರೆದರೆ ಗಜನಿಗೆ ಕೊಟ್ಟಿದ್ದು ಅರ್ಧ ಪುಟ. ಇಷ್ಟರಲ್ಲಿ ಎಂಥ ಸಂಶೋಧನೆ ಎಂದು ಸಿಡುಕಿ, ನಾಲ್ಕು ಸಾಲು ಓದಿ ಮುಚ್ಚಿಟ್ಟೆ. ಗೆಜೆಟಿಯರನ್ನು ಮುಟ್ಟಲೂ ಇಲ್ಲ. ಫೋನಿನಲ್ಲಿ ಸಿಕ್ಕ ಲೇಖನಗಳನ್ನೆಲ್ಲ ಇಳಿಸಿಕೊಂಡೆ, ಒಂದನ್ನೂ ಪೂರ್ತಿ ಓದದೆ. ನೀರಿನ ವಿಚಾರ ನಮಗೆ ಯಾರು ಹೇಳಿಕೊಡಬೇಕು ಎಂಬ ಕೊಬ್ಬು ಬೇರೆ. ಉಪ್ಪುನೀರು ನುಗ್ಗಿದರೆ ಗದ್ದೆ ಹಾಳು. ರೈತರು ಅದನ್ನು ತಡೆಯುವುದು ಹೇಗೆ? ಪ್ರಶ್ನೆ ಸಿದ್ಧವಾಯಿತು.

ಶುಕ್ರವಾರ ಕುಮಟಾದಲ್ಲಿ ಬಸ್ಸು ಬದಲಿಸಿ, ಗಜನಿ ಗದ್ದೆಗಳಿರುವ ಕಾಗಾಲಕ್ಕೆ ಹೋಗಿ, ಒಡ್ಡಿನ ಮೇಲೆ ಕೂತಿದ್ದ ಹಿರಿಯ ರೈತರೊಬ್ಬರಿಗೆ ಅದನ್ನೇ ಕೇಳಿದೆ. ಅವರು ನನ್ನ ಊರು, ಮನೆ ವಿಚಾರಿಸಿಕೊಂಡು ನಕ್ಕರು.

"ತಡೆಯೂದು ಭತ್ತ ಇರೂವರೆಗೆ ಮಾತ್ರ ತಂಗಿ. ಕೊಯ್ಲು ಆತು ಅಂದ್ರೆ ಉಪ್ಪುನೀರು ನಾವೇ ಬಿಟ್ಕೊಳ್ತೇವೆ. ಇಲ್ದಿದ್ರೆ ಸಿಗಡಿ ಎಲ್ಲಿಂದ ಬರ್ತದೆ? ಮೀನಿನ ಮನೆಯವಳಿಗೆ ಇದು ಗೊತ್ತಿಲ್ವ?"

ಮುಖ ಎಲ್ಲಿಟ್ಟುಕೊಳ್ಳಲಿ? ಉಳಿದಿದ್ದು ಎರಡೇ ದಿನ.

ಶನಿವಾರ ಬಾಗಿಲು ತೆಗೆಯುವ ಮುಂಚೆಯೇ ಗ್ರಂಥಾಲಯದ ಮೆಟ್ಟಿಲ ಮೇಲೆ ಚಡಪಡಿಸುತ್ತ ನಿಂತಿದ್ದೆ. ಕೊಯ್ಲಿನ ನಂತರ ಈ ಗದ್ದೆಗಳಲ್ಲಿ ಸಿಗಡಿ ಹಿಡಿಯುತ್ತಾರೆಂದು ಅದೇ ಅರ್ಧ ಪುಟದ ಐದನೆಯ ಸಾಲಿನಲ್ಲಿತ್ತು. ನನ್ನ ಮೇಲೆ ನನಗೇ ರೇಗಿತು. ಈ ಸಲ ಕೊನೆಯಲ್ಲಿದ್ದ ಗ್ರಂಥಸೂಚಿ ಹಿಡಿದು ಒಂದೊಂದೇ ಪುಸ್ತಕ ತೆಗೆಸಿ ಓದಿದೆ; ಗೆಜೆಟಿಯರನ್ನೂ ಓದಿದೆ. ಭತ್ತಕ್ಕೂ ಸಿಗಡಿಗೂ ಇರುವುದು ಒಡ್ಡಿನಲ್ಲಿ ನೀರು ಬಿಡುವ ಒಂದೇ ಬಾಗಿಲು. ಅದನ್ನು ತೆರೆಯುವ ದಿನವನ್ನು ಗೊತ್ತುಮಾಡುವವರು ಯಾರು? ಎಲ್ಲೂ ಬರೆದಿರಲಿಲ್ಲ. ಉತ್ತರ ಮುಂದಿನ ಪುಟದಲ್ಲಿ ಇದ್ದುಬಿಟ್ಟರೆ ಎಂಬ ಭಯದಲ್ಲೇ ಪುಟ ತಿರುಗಿಸುತ್ತಿದ್ದೆ.

ಸೋಮವಾರ ಆ ಪ್ರಶ್ನೆ ಬರೆದ ಹಾಳೆ ಮುಂದಿಟ್ಟೆ. ಮಾರ್ಗದರ್ಶಕರು ಎರಡು ಸಲ ಓದಿದರು.

"ಇದಕ್ಕೆ ಪುಸ್ತಕದಲ್ಲಿ ಉತ್ತರ ಇಲ್ಲ ಅಂತ ಹೇಗೆ ಹೇಳ್ತೀರಿ?"

ನೋಡಿದ ಪುಸ್ತಕಗಳ ಪಟ್ಟಿ ಕೊಟ್ಟೆ. "ಹುಡುಕಿ ಆತು ಸರ್. ಇಲ್ಲ."

"ಸರಿ, ವಿಷಯ ನಿಮ್ಮದೇ. ಇನ್ನು ಕಾಗಾಲಕ್ಕೆ ಹೋಗಿ ಬನ್ನಿ," ಎಂದರು. ಒಮ್ಮೆ ಹೋಗಿ ಬಂದಿದ್ದೇನೆಂದು ಹೇಳಲು ನನಗೆ ಬಾಯಿ ಬರಲಿಲ್ಲ.